ಬರೆಯೋರು, ಬರೆಸೋರು

ಮೊನ್ನೆ ಶನಿವಾರ ನಮ್ಮ ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕರಿಯರ್ ಗೈಡೆನ್ಸ್ ಕಾರ್ಯಕ್ರಮ. ಅಕ್ಕನ ಮಗಳು ಫೈನಲ್ ಇಯರ್. "ಮಾಮ, ನೀನೂ ಬಾ" ಅಂದಳು, ಹೋಗಿ ಹಿಂದಿನ ಸಾಲಲ್ಲಿ ಕೂತೆ. ಬೆಂಗಳೂರಿಂದ ಬಂದಿದ್ದ ಭಾಷಣಕಾರರು ಕೋಟು ಸರಿಮಾಡಿಕೊಂಡು ಹೇಳಿದ್ದಿಷ್ಟು: "ಐದು ವರ್ಷ ಕೋಡ್ ಬರೀರಿ. ಆಮೇಲೆ ಬರೆಸೋರಾಗಿ!" ಅಂದ್ರೆ, ಪ್ರೋಗ್ರಾಮ್ ಬರೆಯೋರ ಮೇಲೆ ಮ್ಯಾನೇಜರ್ ಆಗಿ ಅಂತ. ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರೀತು. ಎದ್ದು ನಿಂತು ಕೇಳೋಣ ಅಂದ್ರೆ ಹುಡುಗಿಯ ಇಂಟರ್ನಲ್ ಮಾರ್ಕ್ಸ್ ನೆನಪಾಯ್ತು. ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ ಕಾರ್ತಾ ಇದೀನಿ, ಸಹಿಸ್ಕೊಳ್ಳಿ.

ನಾನೂ ಒಂದು ಸಾಫ್ಟ್‌ವೇರ್ ತಂಡದ ಮ್ಯಾನೇಜರೇ. ಎಂಸಿಸಿ ಬಿ ಬ್ಲಾಕಿನ ಮನೆಯ ಮಾಳಿಗೆ ಕೋಣೆಯಲ್ಲಿ ಕೂತು ಜನರ ಕೈಲಿ ಕೋಡ್ ಬರೆಸೋದೇ. ಹಾಗಾಗಿ ಹೊಟ್ಟೆಕಿಚ್ಚಿಗೆ ಹೇಳ್ತಿದಾನೆ ಅನ್ನೋ ಹಾಗಿಲ್ಲ.

ಸ್ವಾಮಿ, ಯಾವ ಕಾಲದ ಮಾತು ಅದು? 2023ನ್ನ ಫೇಸ್‌ಬುಕ್ ನಡೆಸೋ ಮೆಟಾ ಕಂಪನಿಯ ಝಕರ್‌ಬರ್ಗ್ 'ದಕ್ಷತೆಯ ವರ್ಷ' ಅಂತ ಕರೆದು, ಎಷ್ಟೋ ಮ್ಯಾನೇಜರುಗಳಿಗೆ ವಾಪಸ್ ಹೋಗಿ ಸ್ವಂತ ಕೈಯಲ್ಲಿ ಕೆಲಸ ಮಾಡಿ ಅಂದರು. 2024ರ ಸೆಪ್ಟೆಂಬರಲ್ಲಿ ಅಮೆಜಾನಿನ ಮುಖ್ಯಸ್ಥ ಆಂಡಿ ಜಾಸ್ಸಿ ಸಿಬ್ಬಂದಿಗೆ ಬರೆದರು: ಮ್ಯಾನೇಜರುಗಳಿಗೆ ಹೋಲಿಸಿದರೆ ಸ್ವಂತ ಕೈಯಲ್ಲಿ ಕೆಲಸ ಮಾಡೋರ ಪ್ರಮಾಣ 2025ರ ಮಾರ್ಚ್ ಒಳಗೆ ಕನಿಷ್ಠ ಶೇ 15 ಏರಬೇಕು ಅಂತ. ಮೂರಕ್ಕಿಂತ ಕಡಿಮೆ ಜನರ ತಂಡ ನೋಡಿಕೊಳ್ಳೋ ಮ್ಯಾನೇಜರುಗಳನ್ನ ಶೇ 35 ಇಳಿಸಿದ್ದೀವಿ ಅಂತ 2025ರಲ್ಲಿ ಗೂಗಲ್ ಹೇಳಿತು. ಅದೆಲ್ಲ ಅಮೆರಿಕದ್ದು ಬಿಡಿ ಅಂತೀರಾ? ಟಿಸಿಎಸ್ ಅದೇ ವರ್ಷ ಜುಲೈನಲ್ಲಿ ಸುಮಾರು 12,000 ಜನರನ್ನ ಕಳಿಸ್ತೀವಿ ಅಂದಾಗ ಏಟು ಬಿದ್ದಿದ್ದು ಹೆಚ್ಚಾಗಿ ಮಧ್ಯದ, ಮೇಲಿನ ಹುದ್ದೆಯವರಿಗೆ. ಇಷ್ಟೆಲ್ಲ ಆದಮೇಲೂ ಆ ಮಕ್ಕಳಿಗೆ "ಬರೆಸೋರಾಗಿ"!

ಕಾರ್ಯಕ್ರಮ ಮುಗಿಸಿ ಅಕ್ಕನ ಮಗಳ ಗೆಳತಿಯರನ್ನೂ ಕಟ್ಟಿಕೊಂಡು ಮಂಡಕ್ಕಿ, ಮಿರ್ಚಿ ತಿನ್ನೋಕೆ ಹೋದ್ವಿ. ಒಬ್ಬಳು ಕೇಳಿದಳು: "ಅಂಕಲ್, ಮ್ಯಾನೇಜರ್ ಆದ್ಮೇಲೆ ಕೋಡ್ ಮರೆತ್ರೂ ನಡೆಯುತ್ತೆ ಅಲ್ವಾ?" ನೋಡಿ, ಎರಡು ಗಂಟೆ ಭಾಷಣದಿಂದ ಇಳಿದಿದ್ದು ಇದೇ.

ನಮ್ಮಪ್ಪ ಕಾಟನ್ ಮಿಲ್ಲಲ್ಲಿದ್ದರು. ಅವರ ಖಾತೆಯ ಜಾಬರ್ (ಕೆಲಸಗಾರರ ಮೇಲ್ವಿಚಾರಕ) ಬಗ್ಗೆ ಅಪ್ಪ ಹೇಳ್ತಿದ್ದರು: ಬಾಯಿ ಬಹಳ ಕೆಟ್ಟದ್ದು, ಆದರೆ ಮಗ್ಗ ನಿಂತರೆ ಅಂಗಿ ತೋಳು ಏರಿಸಿ ತಾನೇ ಕೈ ಹಾಕೋನು. ಅದಕ್ಕೇ ಅವನು ಬೈದರೆ ಯಾರೂ ಎದುರಾಡ್ತಿರಲಿಲ್ಲ. (ಕೊನೆಗೆ ಮಿಲ್ಲೇ ಮುಚ್ಚಿತು, ಜಾಬರೂ ಇಲ್ಲ, ಮಗ್ಗವೂ ಇಲ್ಲ, ಆ ಮಾತು ಬೇರೆ.) ಈಗ ಕಂಪನಿಗಳು ಹುಡುಕ್ತಿರೋದು ಆ ಥರದವರನ್ನ. ಮ್ಯಾನೇಜರ್ ಹುದ್ದೆಯ ಇಂಟರ್‌ವ್ಯೂಗಳಲ್ಲಿ ಸಿಸ್ಟಮ್ ಡಿಸೈನ್ (ಇಡೀ ಸಾಫ್ಟ್‌ವೇರನ್ನ ಹೇಗೆ ಕಟ್ಟೋದು ಅನ್ನೋದು) ಕೇಳ್ತಾರೆ, ಎಷ್ಟೋ ಕಡೆ ಕೋಡೂ ಬರೆಸ್ತಾರೆ. "ತಂಡವನ್ನು ಮುನ್ನಡೆಸಿದ್ದೇನೆ" ಅಂದ್ರೆ, "ಸರಿ, ಅದರಲ್ಲಿ ನೀವೇ ತೀರ್ಮಾನ ಮಾಡಿದ್ದು ಯಾವುದು?" ಅಂತಾರೆ. ಅಲ್ಲಿಗೆ ಮುಗೀತು. ಸ್ಟೇಟಸ್ ಕೇಳೋದು, ಎಕ್ಸೆಲ್ ತುಂಬೋದು, ಮೀಟಿಂಗಿಗೆ ಮೀಟಿಂಗು ಇಡೋದು, ಇಷ್ಟೇ ಬರೋರನ್ನ ಇನ್ನು ಯಾರು ಸಾಕ್ತಾರೆ?

ನಮ್ಮ ಹುಡುಗಿ ಸುಮ್ಮನೆ ಬಿಡ್ತಾಳಾ? ಮಿರ್ಚಿ ಒಂದು ಕೈಲಿ, ಫೋನ್ ಒಂದು ಕೈಲಿ. "ಮಾಮ, ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯೇ ಹೇಳಿದೆ ನೋಡು, ಕಂಪ್ಯೂಟರ್ ವಿಭಾಗದ ಮ್ಯಾನೇಜರ್ ಕೆಲಸ 2024ರಿಂದ 2034ಕ್ಕೆ ಶೇ 15 ಬೆಳೆಯುತ್ತಂತೆ." ಹೌದವ್ವ, ಹೇಳಿದೆ. ಅದು ಅಮೆರಿಕದ ಲೆಕ್ಕ, ಅದೂ ಐಟಿ ಮ್ಯಾನೇಜರುಗಳನ್ನೆಲ್ಲ ಒಟ್ಟಿಗೆ ಸೇರಿಸಿದ ಲೆಕ್ಕ. ಅದರಲ್ಲಿ ನಮ್ಮೂರ ನಿಟ್ಟುವಳ್ಳಿ ಹುಡುಗನ ಪಾಲೆಷ್ಟು? ಬೆಂಗಳೂರಲ್ಲೂ ವಿದೇಶಿ ಕಂಪನಿಗಳ ಜಿಸಿಸಿಗಳು (ಅವರದೇ ಕೆಲಸವನ್ನ ಇಲ್ಲಿಂದ ಮಾಡೋ ಅವರದೇ ಕಚೇರಿಗಳು) ಏಳ್ತಾ ಇವೆ, ಅಲ್ಲಿ ಹುದ್ದೆಗಳಿವೆ, ಒಪ್ಪಿದೆ. ಆದರೆ ಕುರ್ಚಿ ಇದೆ ಅಂದಮಾತ್ರಕ್ಕೆ ಕೈ ಕಟ್ಟಿ ಕೂರೋನಿಗೆ ಕೊಡ್ತಾರೆ ಅಂತಲ್ಲ.

ಮ್ಯಾನೇಜರೇ ಬೇಡ ಅಂತ ನಾನೂ ಹೇಳಲ್ಲ. ಗೂಗಲ್ 2002ರಲ್ಲಿ ಇಂಜಿನಿಯರಿಂಗ್ ಮ್ಯಾನೇಜರುಗಳನ್ನೇ ತೆಗೆದು ನೋಡಿತ್ತು. ಖರ್ಚಿನ ಬಿಲ್ಲು, ಜಗಳ ಎಲ್ಲಾ ನೇರ ಕಂಪನಿ ಕಟ್ಟಿದ ಲ್ಯಾರಿ ಪೇಜ್ ಹತ್ರ ಬರೋಕೆ ಶುರುವಾಗಿ ಕೆಲವೇ ತಿಂಗಳಲ್ಲಿ ಆ ಪ್ರಯೋಗ ಮುಗೀತು. ಕೆಲಸ ಇದೆ. ಜನ ಕಡಿಮೆ, ಹೊರೆ ಜಾಸ್ತಿ. ಪಕ್ಕದ ತಂಡದ ಮ್ಯಾನೇಜರ್ ಹೋದಮೇಲೆ ಅವರ ಹುಡುಗರೂ ನನ್ನ ತಲೆಗೇ ಬಂದರು. ಸಂಬಳ ಏರಲಿಲ್ಲ, ಬಿಪಿ ಏರಿತು.

ಇನ್ನೊಂದು ಜಾಣತನದ ಮಾತಿದೆ: ಈಗ ಕೋಡನ್ನ ಎಐ ಬರೆಯುತ್ತೆ, ಎಲ್ಲರೂ ಬರೆಸೋರೇ ಅಲ್ವಾ ಅಂತ. ಬರೆಸೋದಕ್ಕೇನು, ನಮ್ಮ ಕಾಲೇಜು ಹುಡುಗರೂ ಬರೆಸ್ತಾರೆ. ಬಂದಿದ್ದು ಸರಿಯೋ ತಪ್ಪೋ ಹೇಳೋನು ಬೇಕು. ಐದೇ ವರ್ಷಕ್ಕೆ ಕೀಬೋರ್ಡ್ ಕೆಳಗಿಟ್ಟೋನು ಏನು ಹೇಳ್ತಾನೆ?

ನಿಜ ಹೇಳ್ಲಾ? ನನಗೂ ಹೆದರಿಕೆ ಇದೆ. ವಯಸ್ಸು 44, ಮನೆ ಸಾಲ ಇನ್ನೂ ತೀರಿಲ್ಲ. ರಾತ್ರಿ ಊಟ ಆದಮೇಲೆ ತಂಡದ ಹುಡುಗರ ಕೋಡ್ ತೆಗೆದು ಓದ್ತಾ ಕೂರ್ತೀನಿ. ನಮ್ಮನೆಯವಳು "ಏನ್ರಿ, ನಾಳೆ ಪರೀಕ್ಷೆ ಐತೇನು?" ಅಂತ ರೇಗಿಸ್ತಾಳೆ. ಆದರೂ ಈ ಕೆಲಸ ನನಗಿಷ್ಟ. ನಿನ್ನೆ ಮೊನ್ನೆ ಸೇರಿದ ಹುಡುಗ ಗ್ರಾಹಕರ ಎದುರು ಒಬ್ಬನೇ ನಿಂತು ಸರಾಗವಾಗಿ ಉತ್ತರ ಕೊಟ್ಟಾಗ ಆಗೋ ಖುಷಿ ಬೇರೆಯೇ. ಭಾಷಣದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಕ್ಯಾಬಿನ್, ಕಾರು, ಪದವಿ, ಅಷ್ಟೇ. (ಕ್ಯಾಬಿನ್! ನನ್ನ ಪಕ್ಕದಲ್ಲಿರೋದು ನೀರಿನ ಟ್ಯಾಂಕು.)

ಆ ಕಾಲೇಜಿನ ಮಕ್ಕಳು ಯಾರಾದ್ರೂ ಇದನ್ನ ಓದ್ತಿದ್ರೆ ಇನ್‌ಬಾಕ್ಸಿಗೆ ಬನ್ನಿ, ಗೊತ್ತಿದ್ದಷ್ಟು ಹೇಳ್ತೀನಿ. ರೆಸ್ಯೂಮೆ ಮಾತ್ರ ಕಳಿಸಬೇಡಿ. ಹೊಸಬರನ್ನ ತಗೊಳ್ಳೋಕೆ ಈ ವರ್ಷ ನನಗೆ ಅನುಮತಿಯೇ ಇಲ್ಲ.