ಖಾಲಿ ಬೇರೆ, ಸೊನ್ನೆ ಬೇರೆ

ಮಂಡ್ಯದಲ್ಲಿ ನಮ್ಮ ಸೋದರಮಾವನದು ಬೆಲ್ಲದ ಮಂಡಿ. ಆಲೆಮನೆಯವರಿಗೆ ಕೊಟ್ಟ ಮುಂಗಡದ ಲೆಕ್ಕ ಮೊದಲು ಉದ್ದನೆ ಪುಸ್ತಕದಲ್ಲಿತ್ತು, ಆಮೇಲೆ ಎಕ್ಸೆಲ್‌ಗೆ ಬಂತು. ಹೋದ ವರ್ಷ ನಾನು ಸುಮ್ನೆ ಇರಲಾರದೆ ಅದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟೆ. ಮೈಸೂರಿಗೆ ವಾಪಸ್ ಬಂದು ಎರಡು ದಿನ ಆಗಿರಲಿಲ್ಲ, ಫೋನ್.

"ಏನ್ಲಾ ಇದು, ಒಂದೂಕಾಲು ಲಕ್ಷ ಈಸ್ಕೊಂಡೋನ ಹೆಸ್ರು ಮುಂದೆ ಒಂದು ರೂಪಾಯಿ ಅಂತ ತೋರಿಸ್ತಾ ಐತೆ?"

ತಪ್ಪು ನನ್ನದೇ. ಬರೆದ ಅಕ್ಷರಗಳನ್ನು ಲೆಕ್ಕಕ್ಕೆ ಬರುವ ಸಂಖ್ಯೆ ಮಾಡೋಕೆ ಜಾವಾಸ್ಕ್ರಿಪ್ಟ್ ಭಾಷೆಯ ಪಾರ್ಸ್‌ಇಂಟ್ ಅನ್ನೋ ಫಂಕ್ಷನ್ ಬಳಸಿದ್ದೆ. ಅದು ಎಡಗಡೆಯಿಂದ ಓದುತ್ತಾ ಹೋಗಿ, ಅಂಕಿ ಅಲ್ಲದ್ದು ಕಂಡ ಕೂಡಲೇ ನಿಲ್ಲುತ್ತದೆ. ಅಲ್ಲಿಯವರೆಗೆ ಸಿಕ್ಕಿದ್ದನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಗುಮಾಸ್ತರು 1,25,000 ಅಂತ ಕಾಮಾ ಹಾಕಿ ಬರೆದಿದ್ದರು. ಮೊದಲ ಕಾಮಾಗೇ ನಿಂತಿತು, ಸಿಕ್ಕಿದ್ದು 1. ಇನ್ನೊಂದು ಸಾಲಿನಲ್ಲಿ '2ನೇ ಕಂತು 40000' ಅಂತಿತ್ತು. ಅದು ಎರಡು ರೂಪಾಯಿ ಆಯಿತು! ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಸರಿ ಅಂತ ಅದೇ ಭಾಷೆಯ ನಂಬರ್ ಅನ್ನೋ ಫಂಕ್ಷನ್‌ಗೆ ಬದಲಾಯಿಸಿದೆ. ಅದು ಕಾಮಾ ಕಂಡರೆ 'ಇದು ಸಂಖ್ಯೆ ಅಲ್ಲ' ಅನ್ನುತ್ತದೆ, ಒಳ್ಳೇದೇ. ಆದರೆ ಖಾಲಿ ಸ್ಟ್ರಿಂಗ್, ಅಂದರೆ ಒಂದಕ್ಷರವೂ ಇಲ್ಲದ ಬರಹ, ಕೊಟ್ಟರೆ 0 ಕೊಡುತ್ತದೆ. ಮಾವನ ಲೆಕ್ಕದಲ್ಲಿ ಖಾಲಿ ಅಂದರೆ ಗುಮಾಸ್ತರು ಇನ್ನೂ ಕೇಳಿ ಬರೆದಿಲ್ಲ ಅಂತ. ಸೊನ್ನೆ ಅಂದರೆ ಬಾಕಿ ಚುಕ್ತಾ ಅಂತ. ಈ ಎರಡನ್ನೂ ಒಂದು ಮಾಡಿದರೆ ಮಂಡಿ ಮುಚ್ಚಬೇಕಾಗುತ್ತದೆ, ಅಲ್ವಾ?

ನನ್ನ ತಕರಾರು ಇರುವುದು ಇಲ್ಲೇ. ಒಂದೇ ಸಾಲಲ್ಲಿ ಮುಗಿಯಬೇಕು ಅನ್ನೋ ಆಸೆ ತಪ್ಪಲ್ಲ. ಆ ಒಂದು ಸಾಲು ಸೋತಾಗ ಬಾಯಿ ಮುಚ್ಚಿಕೊಂಡಿರುವುದು ತಪ್ಪು. ಸಿ ಭಾಷೆಯ ಎಟೊಐ ಕೂಡ ಹಾಗೇ, 'ಬೆಲ್ಲ' ಅಂತ ಕೊಟ್ಟರೂ 0, '0' ಅಂತ ಕೊಟ್ಟರೂ 0. ರೂಬಿ ಭಾಷೆಯ ಟು_ಐ ಕೂಡ ಅದೇ ಜಾತಿ. ಪೈಥಾನ್‌ನ ಇಂಟ್ ಇದರ ವಿರುದ್ಧ, ಸೋತರೆ ಎರರ್ ಕೊಟ್ಟು ಕಿರುಚುತ್ತದೆ. ಅದು ಸುರಕ್ಷಿತ, ಆದರೆ ಆ ಎರರ್ ಹಿಡಿಯೋಕೆ ಪ್ರತಿ ಸಲ ಟ್ರೈ, ಎಕ್ಸೆಪ್ಟ್ ಅಂತ ನಾಲ್ಕು ಸಾಲು ಬರೆಯಬೇಕು. ಅಷ್ಟು ಬರೆಯೋಕೆ ಬೇಜಾರಾಗಿ ಜನ ಮೊದಲು 'ಎಲ್ಲವೂ ಅಂಕಿಯೇನಾ?' ಅಂತ ಇಸ್‌ಡಿಜಿಟ್ ಕೇಳಿ ನೋಡುತ್ತಾರೆ. ಅದು -5 ಅನ್ನು ಬೇಡ ಅನ್ನುತ್ತದೆ, ವರ್ಗದ ಗುರುತಾದ ² ಅನ್ನು ಸರಿ ಅನ್ನುತ್ತದೆ. ಆ ² ಇಂಟ್‌ಗೆ ಹೋದರೆ ಮತ್ತೆ ಎರರ್!

ನನಗೆ ಮೆಚ್ಚುಗೆಯಾದದ್ದು ಕೋಟ್ಲಿನ್ ಭಾಷೆಯ ಟುಇಂಟ್‌ಆರ್‌ನಲ್. ಹೆಸರಲ್ಲೇ ಎಲ್ಲ ಇದೆ: ಸಂಖ್ಯೆ ಕೊಡ್ತೀನಿ, ಇಲ್ಲಾಂದ್ರೆ ನಲ್, ಅಂದರೆ 'ಏನೂ ಇಲ್ಲ'. ಆ ನಲ್ ಅನ್ನು ಏನು ಮಾಡುತ್ತೀಯ ಅಂತ ಕಂಪೈಲರ್ (ನಾವು ಬರೆದ ಕೋಡನ್ನು ಪರೀಕ್ಷಿಸಿ ಓಡಲು ತಯಾರು ಮಾಡುವ ತಂತ್ರಾಂಶ) ಕೇಳದೆ ಬಿಡುವುದಿಲ್ಲ. ಸಿ ಶಾರ್ಪ್‌ನ ಟ್ರೈಪಾರ್ಸ್ ಕೂಡ ಗೆದ್ದೆನೋ ಸೋತೆನೋ ಅಂತ ಬೇರೆಯಾಗಿ ಹೇಳುತ್ತದೆ. ಹಾಗಂತ ಕೋಟ್ಲಿನ್‌ನಲ್ಲೂ ಸಾಲಿನ ಕೊನೆಗೆ ?: 0, ಅಂದರೆ 'ನಲ್ ಬಂದರೆ 0 ಇಟ್ಟುಕೋ', ಅಂತ ಅಂಟಿಸಿದರೆ ಮುಗೀತು, ಮತ್ತೆ ಅದೇ ಹಳ್ಳಕ್ಕೆ ಬಿದ್ದಂತೆ. ನಾನೂ ಒಂದು ರಾತ್ರಿ ಅಂಟಿಸಿದ್ದೆ, ಬೆಳಿಗ್ಗೆ ಎದ್ದು ಕಿತ್ತುಹಾಕಿದೆ.

ಹಾಗಾಗಿ ಇಡೀ ಪ್ರೋಗ್ರಾಂ ಕೋಟ್ಲಿನ್‌ಗೆ ತಂದು ಮಾವನ ಫೋನಿಗೇ ಆಪ್ ಮಾಡಿಕೊಟ್ಟೆ. ಕಾಮಾ ತೆಗೆಯುವ ಮುಂಚೆ ಅವು ಸರಿಯಾದ ಜಾಗದಲ್ಲಿವೆಯಾ ಅಂತ ನೋಡುತ್ತೇನೆ. ಇಲ್ಲದಿದ್ದರೆ ಯಾರೋ ಚುಕ್ಕಿ ಬದಲು ಕಾಮಾ ಒತ್ತಿದ 12,5 ಕ್ವಿಂಟಾಲ್ ಹೋಗಿ 125 ಆಗುತ್ತದೆ. ನಲ್ ಬಂದ ಸಾಲು ಕೆಂಪಗೆ ಕಾಣುತ್ತದೆ. ಗುಮಾಸ್ತರು ಕೆಲವು ಸಲ ೧೨೫೦೦ ಅಂತ ಕನ್ನಡ ಅಂಕಿಯಲ್ಲೇ ಬರೆಯುತ್ತಾರೆ. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಅಂತಲೇ ಒಪ್ಪುತ್ತಿರಲಿಲ್ಲ, ಆಂಡ್ರಾಯ್ಡ್‌ನಲ್ಲಿ ಕೋಟ್ಲಿನ್ ಆರಾಮಾಗಿ ಓದಿತು. ಪೈಥಾನ್ ಕೂಡ ಓದುತ್ತದೆ.

ಒಂದೇ ದಿನ ಫೋನ್ ನಂಬರ್ ಕಾಲಂ ಪೂರ್ತಿ ಕೆಂಪಾಯಿತು. ಕೋಟ್ಲಿನ್‌ನ ಇಂಟ್ ಅನ್ನೋ ಪೂರ್ಣಾಂಕದ ಬಗೆಯಲ್ಲಿ ಹಿಡಿಯುವುದು 2147483647ರವರೆಗೆ ಮಾತ್ರ, ಒಂಬತ್ತರಿಂದ ಶುರುವಾಗುವ ಹತ್ತಂಕಿ ಎಲ್ಲಿ ಹಿಡಿಸಬೇಕು? ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಮಾಡೋಣ ಅಂದುಕೊಂಡೆ. ಆಮೇಲೆ ಯೋಚಿಸಿದೆ, ಫೋನ್ ನಂಬರನ್ನು ಯಾರಾದರೂ ಕೂಡಿ ಕಳೀತಾರಾ? ಅದನ್ನು ಸ್ಟ್ರಿಂಗ್ ಆಗಿಯೇ ಬಿಟ್ಟೆ.