ಕ್ಲಾಸಿನಲ್ಲಿ ಲ್ಯಾಪ್‌ಟಾಪ್: ತೆರೆಯೋದಾ, ಮುಚ್ಚೋದಾ?

ಪರ: ಒಬ್ಬ ವಿದ್ಯಾರ್ಥಿ

ಜಗಳೂರಿನಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬರುವ ಗೆಳೆಯನೊಬ್ಬ ನನ್ನ ಪಕ್ಕ ಕೂರುತ್ತಾನೆ. ಅವನಿಗೆ ದೃಷ್ಟಿ ತೀರಾ ಮಂದ. ಬೋರ್ಡಿನ ಮೇಲೆ ಬರೆದದ್ದೆಲ್ಲ ಅವನಿಗೆ ಬರೀ ಬಿಳಿ ಗೀಟು. ಮೇಷ್ಟ್ರು ಪಿಪಿಟಿ ಮೊದಲೇ ಕಳಿಸಿದ್ದರೆ ಲ್ಯಾಪ್‌ಟಾಪಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ನಮ್ಮ ಜತೆಗೇ ಓದುತ್ತಾನೆ. ಕಣ್ಣು ದಣಿದರೆ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎನ್‌ವಿಡಿಎ ಅನ್ನೋ ಉಚಿತ ತಂತ್ರಾಂಶದಿಂದ ಓದಿಸಿಕೊಳ್ಳುತ್ತಾನೆ. ಅವನೊಬ್ಬನಿಗೆ ಮಾತ್ರ ಬಿಡೋಣ ಅಂತೀರಾ? ಆಗ ಇಡೀ ಕ್ಲಾಸು ಅವನ ಕಡೆ ತಿರುಗಿ ನೋಡುತ್ತದೆ. ಅವನಿಗೆ ಬೇಡದ್ದೇ ಅದು.

ಇನ್ನು ನಾವು ಓದುತ್ತಿರುವುದು ಕಂಪ್ಯೂಟರ್ ಸೈನ್ಸ್. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲಿನ ಶುರುವಿನಲ್ಲಿ ಒಂದು ಸ್ಪೇಸ್ ಹೆಚ್ಚುಕಮ್ಮಿ ಆದರೂ ಎರರ್. ಹಾಳೆಯ ಮೇಲೆ ಆ ತಪ್ಪು ಗೊತ್ತೇ ಆಗಲ್ಲ.

ನೋಟ್ಸ್ ಬರೆಯಲು ಲ್ಯಾಪ್‌ಟಾಪಿಗಿಂತ ಕೈಬರಹವೇ ಮೇಲು ಅನ್ನುವವರು 2014ರ ಅಮೆರಿಕದ ಅಧ್ಯಯನ ತೋರಿಸುತ್ತಾರೆ. 2019ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ವ್ಯತ್ಯಾಸ ಅಷ್ಟು ಖಚಿತವಾಗಿ ಕಾಣಲಿಲ್ಲ. ಇದನ್ನು ಮಾತ್ರ ಯಾರೂ ಹೇಳಲ್ಲ!

ವಿರೋಧ: ಅವನ ಮೇಷ್ಟ್ರು

ದೃಷ್ಟಿ ಮಂದ ಇರುವ ಹುಡುಗನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ಅವನಿಗೆ ಲ್ಯಾಪ್‌ಟಾಪ್ ಅಂದರೆ ಕನ್ನಡಕ ಇದ್ದಂತೆ. ಹಾಗಂತ ಎಲ್ಲರಿಗೂ ಕನ್ನಡಕ ಹಾಕಿಸುತ್ತೇವಾ?

ಅಧ್ಯಯನದ ಮಾತು ಅವನೇ ಎತ್ತಿದ್ದರಿಂದ ನಾನೂ ಒಂದು ಹೇಳುತ್ತೇನೆ. 2013ರಲ್ಲಿ ಕೆನಡಾದಲ್ಲಿ ನಡೆದದ್ದು. ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರಿಗೆ ಅಂಕ ಕಮ್ಮಿ ಬಂತು. ಅದು ಬಿಡಿ, ಪೆನ್ನು ಹಿಡಿದು ಸುಮ್ನೆ ಬರೆಯುತ್ತಾ ಆ ಪರದೆ ಕಾಣುವ ಜಾಗದಲ್ಲಿ ಕೂತಿದ್ದವರಿಗೂ ಕಮ್ಮಿ ಬಂತು. ಬೀಡಿ ಸೇದುವವನು ಒಬ್ಬ, ಕೆಮ್ಮುವವನು ಪಕ್ಕದವನು! ನನಗೆ ಇದು ಹೊಸದಲ್ಲ. ಒಮ್ಮೆ ಹಿಂದಿನ ಬಾಗಿಲಿನಿಂದ ಒಳಗೆ ಬಂದೆ. ಒಬ್ಬನ ಪರದೆಯಲ್ಲಿ ಟೆಸ್ಟ್ ಮ್ಯಾಚಿನ ಸ್ಕೋರು, ಅದರ ಮೇಲೆ ಐದು ಜನರ ಕಣ್ಣು. ಹುಷಾರು ಮಾಡಲು ಯಾರಿಗೂ ನೆನಪಾಗಲಿಲ್ಲ.

ಪಾಠ ಅರ್ಥ ಆಗದಿದ್ದಾಗ ಹುಡುಗರ ಹುಬ್ಬು ಗಂಟಾಗುತ್ತದಲ್ಲ, ಅದನ್ನು ನೋಡಿಯೇ ನಾನು ಇನ್ನೊಂದು ಸಲ ಹೇಳುವುದು. ಎದುರಿಗೆ ಪರದೆಗಳು ಎದ್ದು ನಿಂತರೆ ಆ ಮುಖಗಳೇ ಕಾಣಲ್ಲ.

ದುಡ್ಡಿನ ಮಾತೂ ಇದೆ. ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಲ್ಯಾಪ್‌ಟಾಪ್ ಭಾರವಾಗಲಿಕ್ಕಿಲ್ಲ. ಮಳೆ ನಂಬಿ ಮೆಕ್ಕೆಜೋಳ ಹಾಕುವ ಮನೆಯಲ್ಲಿ ಜೋಳ ಮಾರಿದ ದುಡ್ಡಿನಿಂದ ಮೊದಲು ಬೀಜ, ಗೊಬ್ಬರದ ಸಾಲ ತೀರಬೇಕು.

ಕೋಡ್ ಬರೆಯಲು ಲ್ಯಾಬ್ ಇದೆ. ಪರೀಕ್ಷೆಯಲ್ಲಿ ಮೂರು ಗಂಟೆ ಪೆನ್ನೇ ಓಡಬೇಕು. ನನ್ನ ಪಿರಿಯಡ್ಡಿನಲ್ಲಿ ಮುಚ್ಚಿಡಿ, ಸಾಕು. ನಮ್ಮ ರೂಮಿನಲ್ಲಿರುವುದು ಬೋರ್ಡಿನ ಪಕ್ಕ ಒಂದೇ ಪ್ಲಗ್ ಪಾಯಿಂಟು. ಅಲ್ಲಿಂದ ಎಳೆದ ಚಾರ್ಜರ್ ವೈರಿಗೆ ನಾನು ಈಗಾಗಲೇ ಎರಡು ಸಲ ಎಡವಿದ್ದೇನೆ.