ಸುಮ್ನೆ ಒಂದು ಸಣ್ಣ ಸಲಹೆ

'ಸುಮ್ನೆ ಒಂದು ಸಣ್ಣ ಸಲಹೆ' ಎಂದು ಶುರುವಾಗುವ ರಿವ್ಯೂ ಕಾಮೆಂಟ್, ಅಂದರೆ ನಾನು ಬರೆದ ಕೋಡ್ ಓದಿ ಸಹೋದ್ಯೋಗಿಗಳು ಹಾಕುವ ಟಿಪ್ಪಣಿ, ಕಂಡರೆ ನನಗೆ ಮೈ ಉರಿಯುತ್ತದೆ. ಅಷ್ಟು ಸಣ್ಣದಾಗಿದ್ದರೆ ಕೊಡದೇ ಇರಬಹುದಲ್ವಾ? ನಿನ್ನೆ ಬಂದದ್ದು ಕೋಡಿನಲ್ಲಿ ಬೆಲೆ ಹಿಡಿದಿಡುವ ಒಂದು ವೇರಿಯಬಲ್‌ನ ಹೆಸರಿನ ಬಗ್ಗೆ. ಕೆಳಗೆ ಇನ್ನೊಬ್ಬರು ಬಂದು ಬೇರೊಂದು ಹೆಸರು ಸೂಚಿಸಿದರು. ಮೊದಲನೆಯವರು ಒಪ್ಪಲಿಲ್ಲ. ಸಂಜೆ ಹೊತ್ತಿಗೆ ಇಬ್ಬರೂ ನನ್ನನ್ನು ಮರೆತು ತಮ್ಮತಮ್ಮಲ್ಲೇ ಜಗಳಕ್ಕೆ ನಿಂತಿದ್ದರು. ಅದೇ ವಾರ ಸಾವಿರಾರು ಸಾಲುಗಳ ಬದಲಾವಣೆಯೊಂದು ಬಂದಾಗ ಇದೇ ಮಹನೀಯರು ಕಣ್ಣು ಮುಚ್ಚಿ ಅಪ್ರೂವ್ ಒತ್ತಿದ್ದರು.

ಹೀಗೇಕೆ ಎಂದು ಹೇಳುತ್ತೇನೆ. ಅದಕ್ಕೆ ಮೊದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕತೆ ಆಗಲಿ.

ಪೈಥಾನ್ ಭಾಷೆಗೆ ಏನಾದರೂ ದೊಡ್ಡದನ್ನು ಸೇರಿಸಬೇಕೆಂದರೆ 'ಪೆಪ್' ಎಂಬ ಪ್ರಸ್ತಾವ ಬರೆಯಬೇಕು. 572ನೇ ಪೆಪ್ ಕೇಳಿದ್ದು ಇಷ್ಟೇ: ಲೆಕ್ಕದ ನಡುವೆಯೇ ಬಂದ ಬೆಲೆಗೆ ಹೆಸರಿಡಲು ಒಂದು ಆಪರೇಟರ್, ಅಂದರೆ ಚಿಹ್ನೆ, ಇರಲಿ. ಒಂದು ಕೋಲನ್, ಪಕ್ಕದಲ್ಲೊಂದು ಸಮ ಚಿಹ್ನೆ. ತಲೆ ವಾಲಿಸಿ ನೋಡಿದರೆ ವಾಲ್ರಸ್ ಪ್ರಾಣಿಯ ಕಣ್ಣು, ಕೋರೆಹಲ್ಲು ಕಾಣುವುದರಿಂದ ಅದಕ್ಕೆ ವಾಲ್ರಸ್ ಎಂದೇ ಹೆಸರಾಯಿತು. ಬಳಸಲೇಬೇಕೆಂಬ ಬಲವಂತ ಯಾರಿಗೂ ಇರಲಿಲ್ಲ. ಆದರೂ ತಿಂಗಳುಗಟ್ಟಲೆ ರಂಪ.

ಭಾಷೆಯನ್ನು ಹುಟ್ಟಿಸಿದ ಗೀಡೋ ವಾನ್ ರೋಸಮ್ ಅವರಿಗೆ ಅಲ್ಲಿ 'ಆಜೀವ ದಯಾಳು ಸರ್ವಾಧಿಕಾರಿ' ಎಂಬ ತಮಾಷೆಯ ಬಿರುದಿತ್ತು. ಸರ್ವಾಧಿಕಾರಿಗಳು ಪ್ರಸ್ತಾವವನ್ನು ಒಪ್ಪಿದರು. ಒಪ್ಪಿದ ಬೆನ್ನಿಗೇ, 2018ರ ಜುಲೈನಲ್ಲಿ, ಆ ಪದವಿಯನ್ನೇ ಬಿಟ್ಟರು. ಒಂದು ಪೆಪ್‌ಗಾಗಿ ಇಷ್ಟು ಹೊಡೆದಾಡಿ, ಕೊನೆಗೆ ಇಷ್ಟು ಜನರ ಕೈಲಿ ಬೈಸಿಕೊಳ್ಳುವುದು ಇನ್ನು ಬೇಡ ಎಂಬುದು ಅವರ ಮಾತಿನ ಸಾರ. ಉತ್ತರಾಧಿಕಾರಿಯನ್ನೂ ಹೆಸರಿಸಲಿಲ್ಲ. ಸರಿ, ಇನ್ನು ಆಳುವವರು ಯಾರು? ಅದಕ್ಕೂ ಪೆಪ್‌ಗಳೇ ಬಂದವು, ಒಂದಲ್ಲ, ಹಲವು. ಚರ್ಚೆಯಾಯಿತು, ಮತದಾನವಾಯಿತು, ಐದು ಜನರ ಸ್ಟಿಯರಿಂಗ್ ಕೌನ್ಸಿಲ್ ಬಂತು. 2019ರ ಆ ಮೊದಲ ಕೌನ್ಸಿಲ್‌ನಲ್ಲಿ ಯಾರಿದ್ದರು ಗೊತ್ತಾ? ಗೀಡೋ ಕೂಡ ಇದ್ದರು! ವಾಲ್ರಸ್ ಅದೇ ವರ್ಷ 3.8ನೇ ಆವೃತ್ತಿಯಲ್ಲಿ ಬಂದು ಕೂತಿತು. ಈಗ ಅದರ ಸುದ್ದಿಗೆ ಯಾರೂ ಹೋಗುವುದಿಲ್ಲ.

ಕೋಡಿಗೆ ಬೈದರೆ ಬರೆದವನಿಗೆ ಬೈದಂತಲ್ಲ ಎಂದು, ಪ್ರೋಗ್ರಾಮರ್‌ಗಳ ಮನಸ್ಸಿನ ಬಗ್ಗೆ ಪುಸ್ತಕ ಬರೆದ ಜೆರಾಲ್ಡ್ ವೈನ್‌ಬರ್ಗ್ 1971ರಲ್ಲೇ ಬರೆದಿಟ್ಟರು. ಅಹಂ ಇಲ್ಲದ ಪ್ರೋಗ್ರಾಮಿಂಗ್ ಎಂಬ ಮಾತು ಅವರದೇ. ಇದನ್ನು ಮೀಟಿಂಗಿನಲ್ಲಿ ಜಾಸ್ತಿ ಹೇಳುವವರ ಕೋಡನ್ನು ಒಮ್ಮೆ ಮುಟ್ಟಿ ನೋಡಿ. ಆ ಕೋಡಿಗೆ, ಸರಿಯಿದೆಯೇ ಎಂದು ನೋಡುವ ಟೆಸ್ಟ್ ಇಲ್ಲದಿದ್ದರೂ ಕಾವಲು ಮಾತ್ರ ಭದ್ರ.

ಈಗ ಹೀಗೇಕೆ ಎಂಬುದಕ್ಕೆ ಬರೋಣ. ಅಪ್ರೈಸಲ್ ಹತ್ತಿರ ಬಂದಾಗ ಈ ಸಣ್ಣ ಸಲಹೆಗಳ ಮಳೆಯೇ ಸುರಿಯುತ್ತದೆ. ಕಾಮೆಂಟ್ ಹಾಕಿದರೆ ಪಕ್ಕದಲ್ಲಿ ಹೆಸರು ಉಳಿಯುತ್ತದೆ. ಸುಮ್ಮನಿದ್ದವರ ಲೆಕ್ಕ ಇಡುವವರು ಯಾರು? ಹಾಗಾಗಿ ಇಂಥವರಿಗೆ ಪ್ರಮೋಷನ್ ಬೇಗ ಸಿಗುತ್ತದೆ. ಸಿಗಲಿ. ಆದಷ್ಟು ಬೇಗ ಸಿಗಲಿ. ದಿನವಿಡೀ ಮೀಟಿಂಗಿನಲ್ಲಿ ಕೂತರೆ ನಮ್ಮ ಕೋಡ್ ಓದಲು ಅವರಿಗೆ ಪುರುಸೊತ್ತಿರುವುದಿಲ್ಲ.